ಮನೆಯಲ್ಲೇ ಒಂದು ಉಗಿ ಟರ್ಬೈನ್

ಬೆಳಗಿನ ಹೊತ್ತು ಅಡಿಗೆಮನೆಯಲ್ಲಿ ಇಡ್ಲಿ ಪಾತ್ರೆ ಒಲೆಯ ಮೇಲಿರುತ್ತದೆ. ನೀರು ಕುದಿಯತೊಡಗಿತೆಂದರೆ ಮುಚ್ಚಳ ತಟತಟನೆ ಕುಣಿಯುತ್ತದೆ. ಸಂದಿಯಿಂದ ಹಬೆ ಭುಸುಗುಟ್ಟುತ್ತದೆ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಗುವಿದ್ದರೆ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ: "ಮುಚ್ಚಳವನ್ನೇ ಎತ್ತುವ ಈ ಹಬೆ ಚಕ್ರವನ್ನು ತಿರುಗಿಸಲಾರದೆ?" ಖಂಡಿತವಾಗಿ ತಿರುಗಿಸಬಲ್ಲದು. ನಿಮ್ಮ ಮನೆಯ ದೀಪಕ್ಕೆ ಬರುವ ವಿದ್ಯುತ್ತಿನಲ್ಲಿ ಒಂದು ಪಾಲು ಹಾಗೆ ತಿರುಗುವ ಚಕ್ರಗಳಿಂದಲೇ ಬರುತ್ತದೆ. ಈ ಮಾತನ್ನು ಬಾಯಲ್ಲಿ ಹೇಳಿ ಮುಗಿಸಬಹುದು. ಆದರೆ ಒಂದು ಹಳೆಯ ಡಬ್ಬಿ, ಒಂದು ತುಂಡು ತಗಡು, ನಾಲ್ಕು ಮೇಣದ ಬತ್ತಿ ಇದ್ದರೆ ಕಣ್ಣಿಗೇ ತೋರಿಸಬಹುದು. ಅದು ಹೇಗೆಂಬುದನ್ನು ಇಂದು ಹೇಳುತ್ತೇನೆ. ಅದಕ್ಕೆ ಮೊದಲು, ಅದನ್ನು ಹೇಗೆ ಮಾಡಬಾರದು ಎಂಬ ಕಥೆ ಒಂದಿದೆ, ಅದನ್ನು ಕೇಳಿ.

1974ರ ಬೇಸಿಗೆ. ನಾವು ಆಗ ಅರಸೀಕೆರೆಯಲ್ಲಿದ್ದೆವು. ಅದು ದೊಡ್ಡ ಜಂಕ್ಷನ್. ಉಗಿ ಎಂಜಿನ್ನುಗಳು ಹಗಲೂ ರಾತ್ರಿ ಭುಸುಗುಡುತ್ತ ಓಡಾಡುತ್ತಿದ್ದ ಕಾಲ. ನನ್ನ ಅಣ್ಣ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದ. ನಾನು ಅವನ ಬಾಲ. ಸಂಜೆ ಸಂಜೆ ಸ್ಟೇಷನ್ನಿನ ಬೇಲಿಯ ಬಳಿ ನಿಂತು ಎಂಜಿನ್ನುಗಳನ್ನು ನೋಡಿದವನಿಗೆ ತಾನೂ ಒಂದು ಉಗಿಯ ಚಕ್ರ ಮಾಡಬೇಕೆನಿಸಿತು. ತುಪ್ಪದ ಡಬ್ಬಿಯೊಂದನ್ನು ಸಂಪಾದಿಸಿದ. ನೀರು ಕುದಿಸಿದಾಗ ಮುಚ್ಚಳ ಎರಡು ಸಲ ಹಾರಿತು. "ಉಗಿಯೆಲ್ಲ ಹೀಗೆ ಪೋಲಾದರೆ ಚಕ್ರಕ್ಕೆ ಏನು ಉಳಿಯುತ್ತೋ? ಇದನ್ನು ಭದ್ರ ಮಾಡಬೇಕು ಕಣೋ" ಎಂದ. ಬೀದಿಯಲ್ಲಿ ಬಂದ ಕಲಾಯಿಯವನ ಕೈಯಲ್ಲಿ ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕಿಸಿದ. ಡಬ್ಬಿಯ ಬದಿಗೆ ಹೊಲಿಗೆ ಸೂಜಿಯಿಂದ ಸಣ್ಣದೊಂದು ತೂತು ಮಾಡಿ, ಅದರಿಂದಲೇ ನೀರು ತುಂಬಿಸಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸೌದೆ ಉರಿ ಕೊಟ್ಟ.

ಸ್ವಲ್ಪ ಹೊತ್ತು ತೂತಿನಿಂದ ಸುಯ್ಯೆಂದು ಉಗಿ ಬಂದಿತು. ಆಮೇಲೆ ನಿಂತುಹೋಯಿತು. ಒಳಗಿನ ತುಕ್ಕಿನ ಚೂರೋ ಬೆಸುಗೆಯ ಕಸವೋ ತೂತಿಗೆ ಅಡ್ಡ ಬಂದಿರಬೇಕು. ಅಣ್ಣ ಏನಾಯಿತೆಂದು ಬಗ್ಗಿ ನೋಡಲು ಕೈ ಚಾಚಿದ. ಅಷ್ಟರಲ್ಲಿ ಢಂ ಎಂದು ಡಬ್ಬಿ ಒಡೆಯಿತು. ಮುಚ್ಚಳ ನೆರೆಮನೆಯ ಹೆಂಚಿನ ಮೇಲೆ ಬಿದ್ದಿತು. ಕುದಿನೀರೂ ಉಗಿಯೂ ಅವನ ಮುಂಗೈಯನ್ನು ಮೊಣಕೈವರೆಗೆ ಬೇಯಿಸಿದವು. ಮುಖ ಎರಡು ಗೇಣು ಹಿಂದಿದ್ದುದರಿಂದ ಕಣ್ಣು ಉಳಿಯಿತು. ಅಮ್ಮ ಓಡಿಬಂದು, ಆಗಿನ ವಾಡಿಕೆಯಂತೆ, ಒಂದು ಬಾಟಲಿ ಮಸಿ ತಂದು ಕೈಮೇಲೆ ಸುರಿದಳು. ಮಸಿ ಹಾಕಬಾರದಾಗಿತ್ತು, ಆ ಮಾತಿಗೆ ಮುಂದೆ ಬರುತ್ತೇನೆ.

ಅಣ್ಣ ದಡ್ಡನಲ್ಲ. ಉಗಿಯನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕುತ್ತೇವೋ ಅಷ್ಟು ಕೆಲಸ ಅದು ಮಾಡುತ್ತದೆ ಎಂದು ಅವನು ತಿಳಿದಿದ್ದ. ರೈಲಿನ ಎಂಜಿನ್ನನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ಅಲ್ಲಿ ಉಗಿ ಕೊಳವಿಯೊಳಗೆ ಸಿಕ್ಕಿಕೊಂಡು ಕೊಂತವನ್ನು ತಳ್ಳುತ್ತದೆ. ಅದು ಒತ್ತಡದ ಕೆಲಸ, ಹೆಗಲು ಕೊಟ್ಟು ಗಾಡಿ ತಳ್ಳುವ ಹಾಗೆ. ಟರ್ಬೈನಿನ ದಾರಿಯೇ ಬೇರೆ. ಇಲ್ಲಿ ಉಗಿ ಎಲ್ಲಿಯೂ ನಿಲ್ಲುವುದಿಲ್ಲ. ಕಿರಿದಾದ ಬಾಯಿಂದ ರಭಸವಾಗಿ ಹೊರಟು, ಚಕ್ರದ ಅಲಗುಗಳಿಗೆ ಬಡಿದು, ತನ್ನ ವೇಗವನ್ನು ಅವಕ್ಕೆ ಕೊಟ್ಟು ಮುಂದೆ ಹೋಗುತ್ತದೆ. ಜಾತ್ರೆಯಲ್ಲಿ ಕೊಂಡ ಗಿರಗಿಟ್ಟಲೆ ಗಾಳಿಗೆ ತಿರುಗುವುದಿಲ್ಲವೆ? ಗಾಳಿಯನ್ನು ಯಾರೂ ಡಬ್ಬಿಯಲ್ಲಿ ಕೂಡಿಹಾಕಿರುವುದಿಲ್ಲ. ಅದು ಹರಿಯುತ್ತಿದೆ, ಅದಕ್ಕೇ ಚಕ್ರ ತಿರುಗುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋದದ್ದೂ ಹೀಗೆಯೇ. ಅಲ್ಲಿ ಚಕ್ರ ತಿರುಗಿಸಿದ್ದು ಹರಿಯುವ ಕಾವೇರಿ. ನೀರಿನ ಬದಲು ಉಗಿ ಎಂದುಕೊಳ್ಳಿ, ಉಗಿ ಟರ್ಬೈನ್ ಆಯಿತು.

ಆದ್ದರಿಂದ ಈ ಭಾಷಣದಲ್ಲಿ ನೆನಪಿಡಬೇಕಾದ ಮಾತು ಒಂದೇ: ಉಗಿಯನ್ನು ಕಟ್ಟಬೇಡಿ, ಹರಿಯಬಿಡಿ. ನಮ್ಮ ಆಟಿಕೆ ಚೆನ್ನಾಗಿ ತಿರುಗುವುದಕ್ಕೂ ಇದೇ ಸೂತ್ರ. ಮನೆಯವರ ಕೈ ಕಣ್ಣು ಉಳಿಯುವುದಕ್ಕೂ ಇದೇ ಸೂತ್ರ.

ಈ ಯೋಚನೆ ಹೊಸದಲ್ಲ. 1629ರಲ್ಲಿ ಜಿಯೊವಾನ್ನಿ ಬ್ರಾಂಕಾ ಎಂಬ ಇಟಲಿಯವನು ಯಂತ್ರಗಳ ಬಗ್ಗೆ ಒಂದು ಚಿತ್ರಪುಸ್ತಕ ಪ್ರಕಟಿಸಿದ. ಅದರಲ್ಲಿ ಮನುಷ್ಯನ ತಲೆಯ ಆಕಾರದ ಒಂದು ನೀರಿನ ಪಾತ್ರೆ, ಕೆಳಗೆ ಬೆಂಕಿ, ಆ ತಲೆಯ ಬಾಯಿಂದ ಹೊರಟ ಉಗಿ ಒಂದು ಚಕ್ರದ ಅಲಗುಗಳಿಗೆ ಬಡಿಯುತ್ತದೆ, ಚಕ್ರದಿಂದ ಹಲ್ಲುಗಾಲಿಗಳ ಮೂಲಕ ಒನಕೆಯಂಥ ಕುಟ್ಟಾಣಿಗಳು ಎದ್ದು ಬೀಳುತ್ತವೆ. ನಾವು ಈಗ ಮಾಡುವುದು ಬ್ರಾಂಕಾನ ಚಕ್ರವನ್ನೇ. ಒನಕೆ ಎತ್ತುವ ಆಸೆಯೊಂದನ್ನು ಮಾತ್ರ ಬಿಟ್ಟುಬಿಡೋಣ. ಏಕೆಂಬುದನ್ನು ಲೆಕ್ಕ ಹಾಕಿ ಹೇಳುತ್ತೇನೆ.

ಮೊದಲು ಡಬ್ಬಿ. ಒತ್ತಿ ಕೂರಿಸುವ ಮುಚ್ಚಳವಿರುವ, ಚಮಚದ ಹಿಡಿಯಿಂದ ಮೀಟಿ ತೆಗೆಯುವಂಥ ತಗಡಿನ ಡಬ್ಬಿ ಬೇಕು. ಅಗಲ ಎಂಟು ಸೆಂಟಿಮೀಟರು, ಎತ್ತರ ಹತ್ತು ಸೆಂಟಿಮೀಟರು ಇದ್ದರೆ ಸಾಕು. ತಿರುಪಿನ ಮುಚ್ಚಳದ ಡಬ್ಬಿ ಬೇಡ. ಗಾಜಿನ ಬಾಟಲಿ ಬೇಡವೇ ಬೇಡ. ಸುಗಂಧವನ್ನೋ ಸೊಳ್ಳೆಯ ಔಷಧಿಯನ್ನೋ ಚಿಮ್ಮಿಸುವ ಡಬ್ಬಿಗಳನ್ನು ಬೆಂಕಿಯ ಹತ್ತಿರಕ್ಕೂ ತರಬೇಡಿ. ಇನ್ನು ಕೆಲವರಿಗೆ, ಮನೆಯಲ್ಲಿ ಪ್ರೆಷರ್ ಕುಕ್ಕರ್ ಇರುವಾಗ ಡಬ್ಬಿಯ ಗೊಡವೆ ಏಕೆ, ಅದರ ಕೊಳವೆಯ ಮುಂದೆಯೇ ಚಕ್ರ ಹಿಡಿಯೋಣ ಎನ್ನಿಸಬಹುದು. ಆ ಕೆಲಸ ಮಾಡಬೇಡಿ. ಕುಕ್ಕರಿನ ಒಳಗೆ ಹೊರಗಿನದರ ಹತ್ತಿರ ಹತ್ತಿರ ಎರಡರಷ್ಟು ಒತ್ತಡ ಇರುತ್ತದೆ. ಅನ್ನ ಬೇಯಿಸಲು ಅದನ್ನು ಲೆಕ್ಕ ಹಾಕಿ ಮಾಡಿದ್ದಾರೆ; ಆಟಕ್ಕೆ ಮಾಡಿಲ್ಲ.

ಒತ್ತು ಮುಚ್ಚಳವೇ ಏಕೆ ಬೇಕು? ಅದು ನಮ್ಮ ಕಾವಲುಗಾರ. ತೂತು ಅಕಸ್ಮಾತ್ತಾಗಿ ಕಟ್ಟಿಕೊಂಡು ಒಳಗಿನ ಒತ್ತಡ ವಾತಾವರಣದ ಹತ್ತರಲ್ಲಿ ಒಂದು ಪಾಲಿನಷ್ಟು ಏರಿತೆನ್ನಿ. ಆರು ಸೆಂಟಿಮೀಟರು ಅಗಲದ ಮುಚ್ಚಳದ ಮೇಲೆ ಒಳಗಿನಿಂದ ಸುಮಾರು ಮೂರು ಕಿಲೋಗ್ರಾಂ ಭಾರದಷ್ಟು ನೂಕು ಬೀಳುತ್ತದೆ. ಹಗುರವಾಗಿ ಕೂತ ಮುಚ್ಚಳ ಅಂಥ ನೂಕಿಗೆ ಎದ್ದುಬಿಡುತ್ತದೆ. ಒತ್ತಡ ಅಲ್ಲಿಗೇ ಇಳಿದುಹೋಗುತ್ತದೆ. ಅಣ್ಣನ ಡಬ್ಬಿಯಲ್ಲಿ ಮುಚ್ಚಳಕ್ಕೆ ಏಳಲು ದಾರಿ ಇರಲಿಲ್ಲ. ನೀರು 120 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ಹೊರಗಿನ ಎರಡರಷ್ಟಾಗುತ್ತದೆ. ಏಳು ಸೆಂಟಿಮೀಟರಿನ ಮುಚ್ಚಳದ ಮೇಲೆ ಮೂವತ್ತೆಂಟು ಕಿಲೋಗ್ರಾಂ ಭಾರ, ಹೆಚ್ಚು ಕಡಿಮೆ ಅರ್ಧ ಮೂಟೆ ಅಕ್ಕಿ. ಬೆಸುಗೆ ಬಿಟ್ಟ ಗಳಿಗೆಯಲ್ಲಿ ಅದಷ್ಟೂ ಒಮ್ಮೆಗೇ ಹೊರಬಂದಿತು. ಆದ್ದರಿಂದ ಮುಚ್ಚಳವನ್ನು ಬೆರಳಿನಿಂದ ಹಗುರವಾಗಿ ಒತ್ತಿ ಬಿಡಿ. ಅದಕ್ಕೆ ಬೆಸುಗೆ, ಅಂಟು, ತಂತಿಯ ಕಟ್ಟು, ಮೇಲೊಂದು ಕಲ್ಲು ಇದಾವುದೂ ಕೂಡದು. ಅಂಚಿನಲ್ಲಿ ಸ್ವಲ್ಪ ಉಗಿ ಸೋರಿದರೆ ಸೋರಲಿ.

ಉಗಿಯ ಬಾಯನ್ನು ಡಬ್ಬಿಯ ಬದಿಯಲ್ಲಿ, ಮೇಲಿನ ಅಂಚಿನಿಂದ ಒಂದೂವರೆ ಸೆಂಟಿಮೀಟರು ಕೆಳಗೆ ಮಾಡಬೇಕು. ಡಬ್ಬಿಗೆ ಒದ್ದೆ ಮರಳು ತುಂಬಿ ಗಟ್ಟಿಮಾಡಿಕೊಂಡರೆ ತಗಡು ನೆಗ್ಗುವುದಿಲ್ಲ. ಸಣ್ಣ ಮೊಳೆಯಿಂದ ಹೊರಗಿನಿಂದ ಒಳಕ್ಕೆ ಒಂದೇ ಏಟು ಹಾಕಿ. ತೂತು ಒಂದೂವರೆ ಮಿಲಿಮೀಟರು ಇರಲಿ. ಗುಂಡುಸೂಜಿ ಸರಾಗವಾಗಿ ತೂರಿ ಅತ್ತಿತ್ತ ಆಡುವಷ್ಟು. ಇದಕ್ಕಿಂತ ಕಿರಿದಾದರೆ ಕಟ್ಟಿಕೊಳ್ಳುವ ಭಯ, ಹಿರಿದಾದರೆ ರಭಸವಿಲ್ಲ. ಆಮೇಲೆ ಮರಳನ್ನು ತೆಗೆದು, ಡಬ್ಬಿಯನ್ನು ಎರಡು ಮೂರು ಸಲ ತೊಳೆದು, ತೂತನ್ನು ಬೆಳಕಿಗೆ ಹಿಡಿದು ನೋಡಿ.

ಇನ್ನು ಚಕ್ರ. ತಿಂಡಿ ಕಟ್ಟಿಕೊಡುವ ತೆಳು ಅಲ್ಯುಮಿನಿಯಂ ತಟ್ಟೆಯ ತಳವೋ, ತಂಪು ಪಾನೀಯದ ಡಬ್ಬಿಯ ತಗಡೋ ಸಾಕು. ಕೈವಾರದಿಂದ ಎಂಟು ಸೆಂಟಿಮೀಟರು ಅಗಲದ ಒಂದು ವೃತ್ತ, ಅದೇ ಮಧ್ಯಬಿಂದುವಿನಿಂದ ಮೂರು ಸೆಂಟಿಮೀಟರು ಅಗಲದ ಇನ್ನೊಂದು ಒಳವೃತ್ತ ಎಳೆಯಿರಿ. ಹದಿನಾರು ಸಮಭಾಗ ಮಾಡಲು ಒಂದು ಉಪಾಯವಿದೆ: ಅಷ್ಟೇ ಅಗಲದ ಕಾಗದದ ವೃತ್ತವನ್ನು ನಾಲ್ಕು ಸಲ ಮಡಿಸಿ ಬಿಡಿಸಿದರೆ ಹದಿನಾರು ಗೆರೆ ಮೂಡುತ್ತವೆ. ಅದನ್ನು ತಗಡಿನ ಮೇಲಿಟ್ಟು ಗೆರೆ ಇಳಿಸಿಕೊಳ್ಳಿ. ಹೊರ ಅಂಚಿನಿಂದ ಒಳವೃತ್ತದವರೆಗೆ ಕತ್ತರಿಸಿ, ಒಂದೊಂದು ಅಲಗನ್ನೂ ಬುಡದಲ್ಲಿ ಇಕ್ಕಳದಿಂದ ಹಿಡಿದು ಕಾಲು ಸುತ್ತು ತಿರುಚಿ. ಈಗ ಅಲಗುಗಳು ನೀರುಚಕ್ರದ ಹುಟ್ಟುಗಳಂತೆ ಉಗಿಗೆ ಎದೆಯೊಡ್ಡಿ ನಿಲ್ಲುತ್ತವೆ. ತಗಡಿನ ಅಂಚು ಬ್ಲೇಡಿನಷ್ಟು ಹರಿತ. ಕತ್ತರಿಸುವ ಕೆಲಸ ದೊಡ್ಡವರದಾಗಿರಲಿ.

ಅಚ್ಚಿಗೆ ಸಣ್ಣ ಹೆಣಿಗೆ ಕಡ್ಡಿ ಅಥವಾ ಸೈಕಲ್ ಕಡ್ಡಿಯ ನೇರವಾದ ತುಂಡು ಆಗಬಹುದು. ಚಕ್ರದ ನಡುವೆ ತೂತು ಮಾಡಿ ಕಡ್ಡಿಗೆ ಏರಿಸಿ, ಎರಡೂ ಕಡೆ ಅಳಿಸುವ ರಬ್ಬರಿನ ತೆಳು ಬಿಲ್ಲೆಗಳನ್ನು ಒತ್ತಿದರೆ ಚಕ್ರ ಜಾರುವುದಿಲ್ಲ. ಹಲಗೆಯ ಮೇಲೆ ಎರಡು ಮರದ ಪಟ್ಟಿ ನಿಲ್ಲಿಸಿ, ತಲೆಗೆ ತಂತಿಯ ಉಂಗುರ ಹೊಡೆದು, ಅವುಗಳಲ್ಲಿ ಅಚ್ಚನ್ನು ತೂರಿಸಿ. ಉಂಗುರಕ್ಕೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಡಬ್ಬಿಯನ್ನು ಅದರ ಒಲೆಯ ಮೇಲಿಟ್ಟಾಗ ಅಚ್ಚು ಉಗಿಯ ತೂತಿಗಿಂತ ಮೂರು ಸೆಂಟಿಮೀಟರು ಕೆಳಗಿರಬೇಕು. ಆಗ ಉಗಿ ಚಕ್ರದ ನೆತ್ತಿಯ ಅಲಗುಗಳಿಗೆ ಬಡಿಯುತ್ತದೆ. ಚಕ್ರದ ಅಂಚಿಗೂ ಡಬ್ಬಿಗೂ ನಡುವೆ ಅರ್ಧ ಸೆಂಟಿಮೀಟರು ಬಿಡಿ.

ಉಗಿಯ ಮುಂದೆ ಇಡುವುದಕ್ಕೆ ಮೊದಲು ಚಕ್ರವನ್ನು ಪರೀಕ್ಷಿಸಬೇಕು. ಬೆರಳಿನಿಂದ ಮೆಲ್ಲನೆ ತಿರುಗಿಸಿ ಬಿಡಿ. ಪ್ರತಿ ಸಲವೂ ಅದೇ ಅಲಗು ಕೆಳಕ್ಕೆ ಬಂದು ನಿಂತರೆ ಆ ಕಡೆ ಭಾರ ಹೆಚ್ಚು. ಅದರ ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿ. ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವವರೆಗೆ ಈ ಕೆಲಸ ನಡೆಯಲಿ. ಅಜ್ಜಿಯ ಕಾಲದ ಊದುಗೊಳವೆ ಮನೆಯಲ್ಲಿದ್ದರೆ ಅದರಿಂದ ಮೆತ್ತಗೆ ಊದಿ ನೋಡಿ. ನಿಮ್ಮ ಉಸಿರಿಗೆ ಓಡದ ಚಕ್ರ ಉಗಿಗೂ ಓಡದು. ಮಾಡಿ ಸೋತವರು ಬಹುಮಟ್ಟಿಗೆ ಸೋಲುವುದು ಇಲ್ಲಿಯೇ. ಚಕ್ರ ಏಳದಿದ್ದರೆ ಉರಿ ಹೆಚ್ಚಿಸುತ್ತಾರೆ, ಮುಚ್ಚಳ ಬಿಗಿಮಾಡುತ್ತಾರೆ. ತಪ್ಪು ಇರುವುದು ಉಗಿಯಲ್ಲಲ್ಲ, ಅಚ್ಚಿನಲ್ಲಿ.

ಬೆಂಕಿಗೆ ಮೋಟು ಮೇಣದ ಬತ್ತಿಗಳು ನಾಲ್ಕು ಸಾಕು. ದೊಡ್ಡ ತಟ್ಟೆಯಲ್ಲಿ ಮರಳು ಹರಡಿ, ಮೂರು ಇಟ್ಟಿಗೆ ಚೂರುಗಳ ಮೇಲೆ ಡಬ್ಬಿ ಅಲುಗದಂತೆ ಕೂರಿಸಿ, ಕೆಳಗೆ ಬತ್ತಿಗಳನ್ನು ನಿಲ್ಲಿಸಿ. ಗ್ಯಾಸ್ ಒಲೆಯ ಉರಿ ಈ ಡಬ್ಬಿಗೆ ಅತಿಯಾಯಿತು. ಸ್ಪಿರಿಟ್ ದೀಪದ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಮಕ್ಕಳಿರುವ ಕಡೆ ಅದು ಬೇಡ. ಡಬ್ಬಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ನೀರಿರಲಿ. ಹೆಚ್ಚಾದರೆ ಕುದಿನೀರೇ ತೂತಿನಿಂದ ಎರಚುತ್ತದೆ. ಮೊದಲೇ ಬಿಸಿಮಾಡಿದ ನೀರು ಹಾಕಿದರೆ ಮಕ್ಕಳು ಕಾದು ಬೇಸರಪಡುವುದು ತಪ್ಪುತ್ತದೆ.

ನೀರು ಕುದಿಯತೊಡಗಿತು. ತೂತಿನ ಬಳಿ ಮೊದಲು ಒಂದೆರಡು ಹನಿ ಒಸರುತ್ತವೆ, ಆಮೇಲೆ ಸುಯ್ಯೆಂಬ ಸದ್ದು. ಚಕ್ರ ಒಮ್ಮೆ ಅಲುಗಿ, ಅನುಮಾನಿಸಿ, ಮತ್ತೆ ಅಲುಗಿ, ತಿರುಗತೊಡಗುತ್ತದೆ. ನೋಡನೋಡುತ್ತಲೇ ಅಲಗುಗಳು ಕಲಸಿಹೋಗಿ ಒಂದು ಬೆಳ್ಳಿಯ ಬಿಲ್ಲೆಯಂತೆ ಕಾಣುತ್ತವೆ. ಈ ಗಳಿಗೆಯಲ್ಲಿ ಮಗುವಿನ ಮುಖವನ್ನೊಮ್ಮೆ ನೋಡಿ. ಅಷ್ಟು ಹೊತ್ತು ತಗಡು ಕತ್ತರಿಸಿದ್ದು ಸಾರ್ಥಕವೆನಿಸುತ್ತದೆ.

ಇನ್ನೊಂದನ್ನು ಮಗುವಿಗೆ ತೋರಿಸಿ. ತೂತಿಗೆ ತೀರ ಹತ್ತಿರ ಏನೂ ಕಾಣುವುದಿಲ್ಲ. ಸ್ವಲ್ಪ ದೂರದಲ್ಲಿ ಬಿಳಿಯ ಹೊಗೆಯಂಥದು ಕಾಣುತ್ತದೆ. ನಿಜವಾದ ಉಗಿ ಆ ಕಾಣದ ಭಾಗ. ಬಿಳಿಯದು ತಣಿದು ಹನಿಯಾದ ನೀರು. ಆಡುಮಾತಿನಲ್ಲಿ ಎರಡನ್ನೂ ಹಬೆ ಎಂದುಬಿಡುತ್ತೇವೆ. ಕಾಣದ ಭಾಗವೇ ಹೆಚ್ಚು ಅಪಾಯದ್ದು. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು ನೂರು ಕ್ಯಾಲೊರಿ ಶಾಖ ಬೇಕು. ಅದೇ ನೀರನ್ನು ಉಗಿ ಮಾಡಲು ಮತ್ತೆ 540 ಕ್ಯಾಲೊರಿ. ಉಗಿ ನಿಮ್ಮ ಕೈಮೇಲೆ ನೀರಾದರೆ ಆ 540 ಕ್ಯಾಲೊರಿಯನ್ನೂ ಚರ್ಮಕ್ಕೇ ಕೊಡುತ್ತದೆ. ಉಗಿಯ ಸುಡುಗಾಯ ಕುದಿನೀರಿನದಕ್ಕಿಂತ ಕ್ರೂರವಾಗುವುದು ಇದರಿಂದಲೇ. ಆದ್ದರಿಂದ ತೂತಿನ ಎದುರು ಯಾರೂ ಕೂರಬಾರದು, ಮುಚ್ಚಳದ ಮೇಲೆ ಯಾರೂ ಬಗ್ಗಬಾರದು. ನೋಡುವವರು ಪಕ್ಕದಲ್ಲಿ, ಒಂದು ಮಾರು ದೂರದಲ್ಲಿರಲಿ.

ಹದಿನೈದು ನಿಮಿಷ ಆಡಿದ ಮೇಲೆ ಬತ್ತಿಗಳನ್ನು ಆರಿಸಿಬಿಡಿ. ನೀರು ಬತ್ತಿದ ಡಬ್ಬಿಯನ್ನು ಕಾಯಿಸಬಾರದು. ನಡುವೆ ಸುಯ್ಯೆಂಬ ಸದ್ದು ನಿಂತರೆ ಹತ್ತಿರ ಹೋಗಿ ತೂತು ಚುಚ್ಚಲು ಹೋಗಬೇಡಿ. ನನ್ನ ಅಣ್ಣ ಮಾಡಿದ್ದು ಅದನ್ನೇ. ಮೊದಲು ಬೆಂಕಿ ಆರಿಸಿ, ಅರ್ಧ ಗಂಟೆ ಬಿಟ್ಟು, ಡಬ್ಬಿ ಪೂರ್ತಿ ತಣಿದ ಮೇಲೆ ಮುಟ್ಟಿ.

ಈಗ ಲೆಕ್ಕ. ನಾಲ್ಕು ಬತ್ತಿಗಳ ಶಾಖದಲ್ಲಿ ಬಹುಪಾಲು ಸುತ್ತಲ ಗಾಳಿಗೆ ಹೋಗಿ, ನೀರಿಗೆ ನೂರು ವ್ಯಾಟ್‌ನಷ್ಟು ತಲಪುತ್ತದೆಂದು ಇಟ್ಟುಕೊಳ್ಳೋಣ. ಅಷ್ಟರಲ್ಲಿ ನಿಮಿಷಕ್ಕೆ ಎರಡೂವರೆ ಗ್ರಾಂಗಿಂತ ತುಸು ಹೆಚ್ಚು ನೀರು ಉಗಿಯಾಗುತ್ತದೆ. ಇಷ್ಟೇ ಎನ್ನಬೇಡಿ. ನೀರು ಉಗಿಯಾದಾಗ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಆ ಎರಡೂವರೆ ಗ್ರಾಂ ನೀರು ನಾಲ್ಕು ಲೀಟರಿಗೂ ಮೀರಿದ ಉಗಿಯಾಗಿ, ಒಂದೂವರೆ ಮಿಲಿಮೀಟರಿನ ತೂತಿನಿಂದ ಒಂದು ನಿಮಿಷದೊಳಗೆ ಹೊರಬೀಳಬೇಕು. ಹಾಗಾಗಿ ಅದರ ವೇಗ ಸೆಕೆಂಡಿಗೆ ಸುಮಾರು ನಲವತ್ತು ಮೀಟರು, ಗಂಟೆಗೆ ನೂರ ನಲವತ್ತೈದು ಕಿಲೋಮೀಟರಿನ ಬಿರುಗಾಳಿ! ಈ ವೇಗಕ್ಕೆ ಡಬ್ಬಿಯೊಳಗೆ ಬೇಕಾದ ಹೆಚ್ಚಿನ ಒತ್ತಡ ಎಷ್ಟು ಗೊತ್ತೆ? ಐದು ಸೆಂಟಿಮೀಟರು ಆಳದ ನೀರು ಪಾತ್ರೆಯ ತಳವನ್ನು ಒತ್ತುವಷ್ಟು. ಹರಿಯಬಿಟ್ಟ ಉಗಿ ಇಷ್ಟು ಸೌಮ್ಯ.

ಆದರೆ ಆ ಬಿರುಗಾಳಿ ಅಲಗನ್ನು ತಳ್ಳುವ ಬಲ ಒಂದು ಗ್ರಾಂ ತೂಕದ ಐದನೆಯ ಒಂದು ಪಾಲು ಮಾತ್ರ. ಅಚ್ಚು ಹಗುರವಾಗಿರಬೇಕು, ಚಕ್ರ ಸಮತೂಕವಾಗಿರಬೇಕು ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ನೀರಿಗೆ ಕೊಟ್ಟ ನೂರು ವ್ಯಾಟ್‌ನಲ್ಲಿ ಉಗಿಯ ಓಟಕ್ಕೆ ಬಂದದ್ದು ಒಂದು ವ್ಯಾಟ್‌ನ ಇಪ್ಪತ್ತೈದನೆಯ ಒಂದು ಪಾಲು. ಅಂದರೆ ಎರಡೂವರೆ ಸಾವಿರ ರೂಪಾಯಿ ಹಾಕಿ ಒಂದು ರೂಪಾಯಿ ದುಡಿದ ಹಾಗೆ. ಬ್ರಾಂಕಾನ ಒನಕೆ ನಮ್ಮ ಮನೆಯಲ್ಲಿ ಏಳದಿರುವುದು ಇದರಿಂದ. ಉಳಿದ ಶಾಖವೆಲ್ಲ ಎಲ್ಲಿ ಹೋಯಿತು? ಉಗಿಯೊಳಗೇ ಉಳಿದು ಕೋಣೆಯ ಗಾಳಿಗೆ ಸೇರಿತು.

ಹಾಗಾದರೆ ದೊಡ್ಡ ಕಾರ್ಖಾನೆಗಳಲ್ಲಿ ಏನು ಮಾಡುತ್ತಾರೆ? ಅಲ್ಲಿ ಉಗಿಯನ್ನು ಹೆಚ್ಚು ಒತ್ತಡದಲ್ಲಿ, ಹೆಚ್ಚು ಕಾವಿನಲ್ಲಿ ತಯಾರಿಸಿ, ಅದು ಹಿಗ್ಗುತ್ತ ಹಿಗ್ಗುತ್ತ ಹರಿಯುವಂತೆ ದಾರಿ ಮಾಡಿಕೊಡುತ್ತಾರೆ. ಸ್ವೀಡನ್ನಿನ ಗುಸ್ತಾಫ್ ದ ಲವಾಲ್ ಎಂಬವನು 1880ರ ದಶಕದಲ್ಲಿ ಹಾಲಿನಿಂದ ಕೆನೆ ತೆಗೆಯುವ ಯಂತ್ರವನ್ನು ಓಡಿಸಲೆಂದು ಒಂದೇ ಚಕ್ರದ ಟರ್ಬೈನ್ ಮಾಡಿದ. ಅವನ ಟರ್ಬೈನುಗಳಲ್ಲಿ ಚಿಕ್ಕವು ನಿಮಿಷಕ್ಕೆ 30,000 ಸುತ್ತು ತಿರುಗುತ್ತಿದ್ದವು. ಅಷ್ಟು ವೇಗವನ್ನು ಹಲ್ಲುಗಾಲಿಗಳಿಂದ ಇಳಿಸಿಕೊಳ್ಳದೆ ಬಳಸುವ ಹಾಗಿರಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಇನ್ನೊಂದು ಉಪಾಯ ಹೂಡಿದ. ಉಗಿಯ ರಭಸವನ್ನೆಲ್ಲ ಒಂದೇ ಚಕ್ರಕ್ಕೆ ಬಡಿಸುವ ಬದಲು ಒಂದೇ ಅಚ್ಚಿನ ಮೇಲೆ ಅಲಗುಗಳ ಅನೇಕ ಸಾಲು ಕೂರಿಸಿ, ಸಾಲಿನಿಂದ ಸಾಲಿಗೆ ಸ್ವಲ್ಪ ಸ್ವಲ್ಪವೇ ಹಿಗ್ಗಿಸಿದ. ಎತ್ತರದ ಜಲಪಾತವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಹಾಗೆ. 1897ರಲ್ಲಿ ಬ್ರಿಟಿಷ್ ನೌಕಾಪಡೆಯ ದೊಡ್ಡ ಪ್ರದರ್ಶನ ನಡೆಯುತ್ತಿದ್ದಾಗ ಅವನ 'ಟರ್ಬೀನಿಯ' ಎಂಬ ಪುಟ್ಟ ಹಡಗು ಕರೆಯದೆ ನುಗ್ಗಿ, ಹಿಂಬಾಲಿಸಿದ ದೋಣಿಗಳಿಗೆ ಸಿಕ್ಕದೆ ಓಡಿತು. ಅಲ್ಲಿಂದ ಮುಂದೆ ಟರ್ಬೈನನ್ನು ಯಾರೂ ಆಟಿಕೆ ಎನ್ನಲಿಲ್ಲ.

ನಮ್ಮ ರಾಜ್ಯದಲ್ಲಿ ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಕೆಲಸ ಶುರುಮಾಡಿತು. ಅದು 210 ಮೆಗಾವ್ಯಾಟ್‌ನದು. ಅಲ್ಲಿ ಕಲ್ಲಿದ್ದಲಿನ ಉರಿಯಲ್ಲಿ 500 ಡಿಗ್ರಿಗೂ ಮೀರಿ ಕಾದ ಉಗಿ ಸಾಲು ಸಾಲು ಅಲಗುಗಳ ನಡುವೆ ಹರಿದು, ಅಚ್ಚನ್ನು ನಿಮಿಷಕ್ಕೆ ಸರಿಯಾಗಿ 3,000 ಸುತ್ತು ತಿರುಗಿಸುತ್ತದೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಹೊರಳುತ್ತದೆಂದು ಕೇಳಿದ್ದೀರಲ್ಲ. ಆ ಐವತ್ತು ಎಂದರೆ ಈ ಅಚ್ಚು ಸೆಕೆಂಡಿಗೆ ತಿರುಗುವ ಐವತ್ತು ಸುತ್ತು. ಕೊನೆಯ ಸಾಲು ದಾಟಿದ ಉಗಿಯನ್ನು ತಣ್ಣೀರಿನ ಕೊಳವೆಗಳ ಮೇಲೆ ಹಾಯಿಸಿ ನೀರು ಮಾಡುತ್ತಾರೆ. ಸಾವಿರಾರು ಪಟ್ಟು ಕುಗ್ಗಿದ ಉಗಿ ಅಲ್ಲಿ ನಿರ್ವಾತ ಉಂಟುಮಾಡಿ ಹಿಂದಿನ ಉಗಿಯನ್ನು ಸೆಳೆದುಕೊಳ್ಳುತ್ತದೆ. ಇಷ್ಟೆಲ್ಲ ಜಾಣ್ಮೆಯಿಂದ ಕಲ್ಲಿದ್ದಲಿನ ಶಾಖದಲ್ಲಿ ಮೂರನೆಯ ಒಂದು ಪಾಲು ವಿದ್ಯುತ್ತಾಗುತ್ತದೆ. ನಮ್ಮ ಎರಡೂವರೆ ಸಾವಿರದ ಒಂದು ಪಾಲಿನ ಪಕ್ಕ ಇದನ್ನಿಟ್ಟು ನೋಡಿದಾಗ, ಎಂಜಿನಿಯರುಗಳು ನೂರು ವರ್ಷ ಏನು ಮಾಡಿದರೆಂಬುದು ತಿಳಿಯುತ್ತದೆ.

ಅಲ್ಲಿ ಅಷ್ಟು ಒತ್ತಡ ಇಟ್ಟುಕೊಳ್ಳಬಹುದಾದರೆ ನಾವು ಸ್ವಲ್ಪ ಇಟ್ಟುಕೊಂಡರೇನು ಎಂದು ಕೇಳೀರಿ. ಆ ಒತ್ತಡದ ಹಿಂದೆ ದಪ್ಪ ಉಕ್ಕಿನ ಕೊಳವೆಗಳಿವೆ, ತಾನಾಗಿ ತೆರೆಯುವ ಕಾಪು ಬಾಯಿಗಳಿವೆ, ಪರೀಕ್ಷೆ ಮಾಡುವ ಅಧಿಕಾರಿಗಳಿದ್ದಾರೆ. ಇವೂ ಸುಮ್ಮನೆ ಬಂದವಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾನೂನು ಬಂದಿತು. ಇಡೀ ದೇಶಕ್ಕೆ ಒಂದೇ ಕಾಯಿದೆ ಆದದ್ದು 1923ರಲ್ಲಿ. ಹಿತ್ತಲಲ್ಲಿ ಡಬ್ಬಿಗೆ ಬೆಸುಗೆ ಹಾಕುವ ಹುಡುಗನಿಗೆ ಅಂಥ ಕಾವಲು ಯಾವುದೂ ಇಲ್ಲ. ಅವನ ಕಾವಲು ಆ ಸಡಿಲ ಮುಚ್ಚಳವೊಂದೇ.

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಕೈ ಸುಡಬಹುದು. ಆಗ ಮಸಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು, ಅರಿಸಿನ ಯಾವುದನ್ನೂ ಹಚ್ಚಬೇಡಿ, ಮಂಜುಗಡ್ಡೆಯನ್ನೂ ಇಡಬೇಡಿ. ಉಂಗುರ, ಬಳೆ ಇದ್ದರೆ ಕೂಡಲೇ ತೆಗೆದು, ಸುಟ್ಟ ಜಾಗವನ್ನು ನಲ್ಲಿಯ ತಣ್ಣೀರು ಹರಿಯುವಂತೆ ಇಪ್ಪತ್ತು ನಿಮಿಷ ಹಿಡಿಯಿರಿ. ಆಮೇಲೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ಗಾಯ ಅಂಗೈಗಿಂತ ದೊಡ್ಡದಾದರೆ, ಮುಖಕ್ಕೋ ಕೀಲಿಗೋ ಆಗಿದ್ದರೆ, ಸುಟ್ಟದ್ದು ಚಿಕ್ಕ ಮಗುವಾದರೆ ತಡಮಾಡದೆ ಡಾಕ್ಟರ ಬಳಿಗೆ ಹೋಗಿ.

ಚಕ್ರ ತಿರುಗಿದ ಮೇಲೆ ಮಗುವಿಗೆ ಒಂದು ಕೆಲಸ ಕೊಡಿ. ಅದೇ ಅಳತೆಯ ಇನ್ನೊಂದು ಚಕ್ರ ಮಾಡಿ, ಈ ಸಲ ಅಲಗುಗಳನ್ನು ಚಪ್ಪಟೆಯಾಗಿ ಬಿಡದೆ ಪೆನ್ಸಿಲಿಗೆ ಒತ್ತಿ ಚಮಚದಂತೆ ಬಾಗಿಸಲಿ. ಚಪ್ಪಟೆ ಅಲಗಿಗೆ ಬಡಿದ ಉಗಿ ಪಕ್ಕಕ್ಕೆ ಚೆದರುತ್ತದೆ. ಬಾಗಿದ ಅಲಗು ಅದನ್ನು ಹಿಡಿದು ಹಿಂದಕ್ಕೆ ತಿರುಗಿಸುವುದರಿಂದ ನೂಕು ಹೆಚ್ಚುತ್ತದೆ. ಯಾವುದು ಬೇಗ ಓಡುತ್ತದೆ? ಒಂದು ಅಲಗಿಗೆ ಬಣ್ಣ ಬಳಿದು ನಿಧಾನವಾಗಿ ಓಡುವಾಗ ಎಣಿಸಲಿ, ಬರೆದಿಡಲಿ. ಚಕ್ರವನ್ನು ತಾನೇ ಸುಧಾರಿಸಿದ ಹುಡುಗನಿಗೆ ಮುಚ್ಚಳ ಬಿಗಿಮಾಡುವ ಆಸೆ ಹುಟ್ಟುವುದಿಲ್ಲ. ವೇಗ ಬರುವುದು ಎಲ್ಲಿಂದ ಎಂದು ಅವನಿಗೆ ತಿಳಿದಿರುತ್ತದೆ.

ಅಣ್ಣನ ಕೈ ವಾಸಿಯಾಗಲು ಮೂರು ತಿಂಗಳು ಹಿಡಿಯಿತು. ಆ ವರ್ಷ ಪರೀಕ್ಷೆ ಬರೆಯಲಾಗಲಿಲ್ಲ. ಮುಂಗೈಯ ಕಲೆ ಈಗಲೂ ಇದೆ. ಕಳೆದ ಬೇಸಿಗೆಯಲ್ಲಿ ಅವನ ಮೊಮ್ಮಗಳಿಗೆಂದು ನಾನು ಈ ಚಕ್ರ ಮಾಡಿದೆ. ಅಣ್ಣ ಮೊದಲು ಹತ್ತಿರ ಬರಲೇ ಇಲ್ಲ, ಬಾಗಿಲಲ್ಲಿಯೇ ನಿಂತಿದ್ದ. ನಾನು ಬತ್ತಿ ಹಚ್ಚುವಾಗ ಒಂದು ಮಾತು ಕೇಳಿದ: "ಮುಚ್ಚಳ ಸಡಿಲ ಇದೆಯೇನೋ?" "ಇದೆ ಅಣ್ಣ, ನೀನೇ ನೋಡು" ಎಂದೆ. ಬಂದು, ಚಮಚದ ಹಿಡಿಯಿಂದ ಮುಚ್ಚಳವನ್ನೊಮ್ಮೆ ಮೀಟಿ ನೋಡಿ, ಮತ್ತೆ ಹಗುರವಾಗಿ ಒತ್ತಿ, ಮೊಮ್ಮಗಳನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡು ಕೂತ. ನೀವೂ ಬೆಂಕಿ ಹಚ್ಚುವುದಕ್ಕೆ ಮೊದಲು ಅವನು ಕೇಳಿದ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ.